ಜಾಝ್ ಸ್ಯಾಕ್ಸೊಫೋನ್: ಬಾನಿ ಮತ್ತು ಸ್ವಂತ ದನಿ

ನಮ್ಮ ಸಂಗೀತದಲ್ಲಿ ‘ಬಾನಿ’ ಎಂಬ ಮಾತಿಗೆ ದೊಡ್ಡ ಗೌರವವಿದೆ. ವೀಣೆ ಶೇಷಣ್ಣನವರ ಬಾನಿ ಎಂದೊಡನೆ ಬಲ್ಲ ರಸಿಕರ ಕಿವಿ ನಿಮಿರುತ್ತದೆ. ಗುರುವಿನೆದುರು ವರ್ಷಗಟ್ಟಲೆ ಕುಳಿತು, ಅವರ ಗಮಕ, ಅವರ ವಿಶ್ರಾಂತಿ ಎಲ್ಲವನ್ನೂ ಮೈಗೂಡಿಸಿಕೊಂಡವನೇ ಬಾನಿಯ ವಾರಸುದಾರ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿ ಬೆಳೆದ ಜಾಝ್ ಸಂಗೀತದಲ್ಲಿಯೂ ಇಂಥ ವಾರಸಿಕೆ ಉಂಟು. ಆದರೆ ಅಲ್ಲಿ ಅನೇಕರ ಪಾಲಿಗೆ ಗುರುವಾದದ್ದು ಗ್ರಾಮಫೋನು. ಹಿರಿಯನ ಮುದ್ರಿಕೆಯನ್ನು ಸವೆಯುವಷ್ಟು ಬಾರಿ ಕೇಳಿ, ಸ್ವರಸ್ವರವಾಗಿ ಕಲಿತು, ಅನಂತರ ಅವನಂತೆ ನುಡಿಸದೆ ಇರುವುದೇ ಅಲ್ಲಿಯ ಗುರುದಕ್ಷಿಣೆ. ಈ ವಿಚಿತ್ರ ಋಣಸಂದಾಯವನ್ನು ಸ್ಯಾಕ್ಸೊಫೋನ್ ವಾದಕರಲ್ಲಿ ನೋಡುವಷ್ಟು ಸ್ಪಷ್ಟವಾಗಿ ಬೇರೆಡೆ ನೋಡುವುದು ಕಷ್ಟ.

ವಾದ್ಯದ ಕುಲಗೋತ್ರವೇ ಸ್ವಲ್ಪ ಗೊಂದಲದ್ದು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಮೈ ಹಿತ್ತಾಳೆಯದು, ಆದರೆ ನಾದ ಹುಟ್ಟುವುದು ಜೊಂಡಿನ ತೆಳುವಾದ ಸೀಳಿನ ಕಂಪನದಿಂದ. ಸೈನ್ಯದ ಬ್ಯಾಂಡಿನವರು ಅದನ್ನು ಆದರಿಸಿದರು. ಮುಂದೆ, 1920ರ ಸುಮಾರಿಗೆ, ಅಮೆರಿಕದ ವಿನೋದ ರಂಗಭೂಮಿಗಳಲ್ಲಿ ಅದು ನಗೆ ತರಿಸುವ ವಾದ್ಯವಾಗಿತ್ತು. ಕೋಳಿಯಂತೆ ಕೂಗಿಸುವುದು, ಕುದುರೆಯಂತೆ ಕೆನೆಸುವುದು ಇತ್ಯಾದಿ.

ಅದರ ಬಾಯಲ್ಲಿ ಘನವಾದ ಮಾತನ್ನಾಡಿಸಿದವರಲ್ಲಿ ಕೋಲ್‌ಮನ್ ಹಾಕಿನ್ಸ್ ಅಗ್ರಗಣ್ಯ. 1904ರಲ್ಲಿ ಹುಟ್ಟಿದ ಆತ ಬಾಲ್ಯದಲ್ಲಿ ಪಿಯಾನೊ ಮತ್ತು ಚೆಲೊ ಕಲಿತವನು. ಆತನ ಮಂದ್ರದ ಕೊರಳಿನಲ್ಲಿ ಆ ಚೆಲೊದ ಕಮಾನಿನ ಎಳೆತವನ್ನು ನಾನಂತೂ ಇಂದಿಗೂ ಕೇಳುತ್ತೇನೆ. ಫ್ಲೆಚರ್ ಹೆಂಡರ್ಸನ್ನನ ವಾದ್ಯವೃಂದದಲ್ಲಿದ್ದಾಗ ಹಾಕಿನ್ಸನ ನುಡಿಕೆ ಮೊದಮೊದಲು ತುಸು ಬಿರುಸು, ತುಸು ಕುಪ್ಪಳಿಕೆ. 1924ರಲ್ಲಿ ಆ ವೃಂದಕ್ಕೆ ತುತೂರಿ ಹಿಡಿದು ಬಂದ ಲೂಯಿ ಆರ್ಮ್‌ಸ್ಟ್ರಾಂಗ್, ಒಂದು ವಾಕ್ಯವನ್ನು ಹೇಗೆ ಎತ್ತಿ ಹೇಗೆ ಇಳಿಸಬೇಕೆಂಬುದನ್ನು ಎಲ್ಲರಿಗೂ ತೋರಿಸಿಕೊಟ್ಟ. ತುತೂರಿಯಿಂದ ಸ್ಯಾಕ್ಸೊಫೋನ್ ಕಲಿತ ಪಾಠ ಅದು. ಐದು ವರ್ಷ ಯೂರೋಪಿನಲ್ಲಿದ್ದು ಹಿಂತಿರುಗಿದ ಹಾಕಿನ್ಸ್, 1939ರ ಅಕ್ಟೋಬರ್ 11ರಂದು ‘ಬಾಡಿ ಅಂಡ್ ಸೋಲ್’ ಎಂಬ ಜನಪ್ರಿಯ ಹಾಡನ್ನು ಮುದ್ರಿಸಿದ. ಮೂರು ನಿಮಿಷದ ಆ ಮುದ್ರಿಕೆಯಲ್ಲಿ ಹಾಡಿನ ಮೂಲ ಮಟ್ಟು ಮೊದಲ ಕೆಲವು ಕ್ಷಣ ಮಾತ್ರ ಸುಳಿಯುತ್ತದೆ. ಮಿಕ್ಕದ್ದೆಲ್ಲ ಮನೋಧರ್ಮ. ಪಲ್ಲವಿಯ ಸಾಲನ್ನು ಒಮ್ಮೆ ಹೇಳಿ ನೆರವಲಿಗೆ ಇಳಿದುಬಿಡುವ ವಿದ್ವಾಂಸನನ್ನು ನೆನೆಸಿಕೊಳ್ಳಿ. ಅಂಥದೊಂದು ಮುದ್ರಿಕೆ ಜನಸಾಮಾನ್ಯರಿಗೂ ಪ್ರಿಯವಾಯಿತೆಂಬುದು ಆ ಕಾಲದ ಕಿವಿಗೆ ಸಲ್ಲಬೇಕಾದ ಹೊಗಳಿಕೆ.

ಇಷ್ಟು ದೊಡ್ಡ ನೆರಳಿನಲ್ಲಿ ಬೇರೊಂದು ಗಿಡ ಬೆಳೆಯುವುದೆಂತು? ಬೆಳೆಯಿತು, ಅದೇ ಲೆಸ್ಟರ್ ಯಂಗ್. ಹುಟ್ಟಿದ್ದು 1909ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ತಂದೆ ನಡೆಸುತ್ತಿದ್ದ ಕುಟುಂಬದ ಸಂಗೀತ ತಂಡದೊಡನೆ ಊರೂರು ಅಲೆದು ಬೆಳೆದ ಹುಡುಗ. ಅವನು ಮೆಚ್ಚಿ ಕೇಳಿದ್ದು ಹಾಕಿನ್ಸನನ್ನಲ್ಲ, ಫ್ರಾಂಕಿ ಟ್ರಂಬಾವರ್ ಎಂಬ ಬಿಳಿಯ ವಾದಕನನ್ನು. ಟ್ರಂಬಾವರ್ ನುಡಿಸುತ್ತಿದ್ದ ಸ್ಯಾಕ್ಸೊಫೋನ್ ಟೆನರ್‌ಗಿಂತ ತುಸು ಎತ್ತರದ ಶ್ರುತಿಯದು, ಹಗುರವಾದ ನಾದದ್ದು. ಆ ಹಗುರವನ್ನು ಟೆನರ್ ವಾದ್ಯಕ್ಕೆ ತರಲು ಯಂಗ್ ಹಟ ತೊಟ್ಟ.

1934ರಲ್ಲಿ ಹಾಕಿನ್ಸ್ ಯೂರೋಪಿಗೆ ಹೊರಟಾಗ ತೆರವಾದ ಪೀಠಕ್ಕೆ ಹೆಂಡರ್ಸನ್ ಕರೆದದ್ದು ಈ ಯಂಗ್‌ನನ್ನು. ವೃಂದದವರಿಗೆ ಹಿಡಿಸಲಿಲ್ಲ, ಇದು ಟೆನರಿನ ದನಿಯೇ ಅಲ್ಲವೆಂದರು. ಹೆಂಡರ್ಸನ್ನನ ಮನೆಯಲ್ಲಿಯೇ ಅವನ ವಸತಿ. ಬೆಳಗಾದರೆ ಯಜಮಾನನ ಹೆಂಡತಿ ಹಾಕಿನ್ಸನ ಮುದ್ರಿಕೆಗಳನ್ನು ಹಾಕಿ, ಹೀಗೆ ನುಡಿಸಲಾರೆಯಾ ಎಂದು ಕೇಳುತ್ತಿದ್ದಳಂತೆ. ಅವನೇ ಮುಂದೆ ಹೇಳಿಕೊಂಡ ಸಂಗತಿ ಇದು. ಅತಿಥಿಯ ಮರ್ಯಾದೆಗೆ ಕೇಳಿದ. ಕೆಲವು ತಿಂಗಳು ತಾಳಿದ. ಕೊನೆಗೆ, ತನ್ನನ್ನು ಕೆಲಸದಿಂದ ತೆಗೆದುಹಾಕಿಲ್ಲವೆಂದು ಒಂದು ಪತ್ರ ಬರೆಸಿಕೊಂಡು ಹೊರಟುಬಿಟ್ಟ. ಇಪ್ಪತ್ತನಾಲ್ಕರ ಬಡ ವಾದಕನೊಬ್ಬ ನ್ಯೂಯಾರ್ಕಿನ ಪ್ರತಿಷ್ಠಿತ ಸ್ಥಾನವನ್ನು ದನಿಯ ಕಾರಣಕ್ಕೆ ಬಿಟ್ಟದ್ದು ಸಣ್ಣ ಮಾತಲ್ಲ.

ಎರಡು ವರ್ಷದ ಮೇಲೆ ಕೌಂಟ್ ಬೇಸಿಯ ಬಳಗದೊಡನೆ ಆತ ಮಾಡಿದ ಮೊದಲ ಮುದ್ರಿಕೆಗಳನ್ನು ಕೇಳಿದರೆ ಈ ಹಟದ ಅರ್ಥ ತಿಳಿಯುತ್ತದೆ. ಹಾಕಿನ್ಸ್ ಸ್ವರಮೇಳದ ಪ್ರತಿಯೊಂದು ಮೆಟ್ಟಿಲನ್ನೂ ಹತ್ತಿ ಇಳಿಯುವವನು. ಯಂಗ್ ಆ ಮೆಟ್ಟಿಲುಗಳತ್ತ ನೋಡದೆಯೇ ಪಕ್ಕದಿಂದ ನಡೆದುಹೋಗುತ್ತಾನೆ. ತಾಳದ ಪೆಟ್ಟಿಗೆ ಕೊಂಚ ಹಿಂದೆ ಉಳಿದು, ಒಂದೇ ಸ್ವರವನ್ನು ಎರಡು ಬಗೆಯ ಬೆರಳುಗಾರಿಕೆಯಿಂದ ಬಣ್ಣಬಣ್ಣವಾಗಿಸಿ, ಮೌನಕ್ಕೂ ಜಾಗ ಬಿಟ್ಟು. ಗಾಯಕಿ ಬಿಲಿ ಹಾಲಿಡೇ ಆತನಿಗೆ ‘ಪ್ರೆಸ್’, ಎಂದರೆ ಅಧ್ಯಕ್ಷ, ಎಂದು ಹೆಸರಿಟ್ಟಳು. ಆಕೆಯನ್ನು ಆತ ‘ಲೇಡಿ ಡೇ’ ಎಂದ.

1937ರ ಬೇಸಗೆಯಲ್ಲಿ, ಕ್ಯಾನ್ಸಾಸ್ ಸಿಟಿಯ ಹದಿನಾರರ ಹುಡುಗ ಚಾರ್ಲಿ ಪಾರ್ಕರ್ ಬೆಟ್ಟದ ಸೀಮೆಯೊಂದಕ್ಕೆ ಕೆಲಸಕ್ಕೆ ಹೋದಾಗ ಜೊತೆಗೆ ಒಯ್ದದ್ದು ಲೆಸ್ಟರನ ಮುದ್ರಿಕೆಗಳನ್ನು. ಅವುಗಳನ್ನು ಕಂಠಪಾಠ ಮಾಡಿ ಬಂದವನು, 1945ರ ‘ಕೋ-ಕೋ’ ಮುದ್ರಿಕೆಯ ವೇಳೆಗೆ, ಮಿಂಚಿನ ವೇಗದ ಬೇರೊಂದು ಭಾಷೆಯನ್ನೇ ಆಡುತ್ತಿದ್ದ. ಪಾರ್ಕರನನ್ನು ಅನುಕರಿಸಿದವರು ಲೆಕ್ಕವಿಲ್ಲ. ಕೆಲವರು ಅವನ ಮಾದಕದ್ರವ್ಯದ ಚಟವನ್ನೂ ಅನುಕರಿಸಿ ಹಾಳಾದರು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, 1955ರಲ್ಲಿ, ಅವನೂ ಹೋದ.

ಯಂಗ್‌ನ ಪಾಡೂ ಸುಖದ್ದಲ್ಲ. 1944ರಲ್ಲಿ ಸೈನ್ಯಕ್ಕೆ ಎಳೆದುಕೊಂಡು ಹೋಗಿ, ಮಾದಕವಸ್ತು ಇಟ್ಟುಕೊಂಡ ಅಪರಾಧಕ್ಕೆ ಸೇನಾ ನ್ಯಾಯಾಲಯ ಸೆರೆಗೆ ತಳ್ಳಿತು. ಹೊರಬಂದು ನೋಡಿದರೆ ಆತನ ದನಿಯನ್ನು ಎತ್ತಿಕೊಂಡ ಕಿರಿಯರು ಕೀರ್ತಿ ಗಳಿಸುತ್ತಿದ್ದರು. ಎಲ್ಲರೂ ತನ್ನಂತೆ ನುಡಿಸುವಾಗ ತಾನು ಯಾರಂತೆ ನುಡಿಸಬೇಕೆಂದು ಆತ ನೊಂದು ಕೇಳಿದ್ದುಂಟು. ಬಾನಿಯ ವಿಷಯದಲ್ಲಿ ಇಷ್ಟು ಕಹಿಯಾದ ಪ್ರಶ್ನೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

1957ರ ಡಿಸೆಂಬರ್ 8ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ‘ದಿ ಸೌಂಡ್ ಆಫ್ ಜಾಝ್’ ಎಂಬ ಕಾರ್ಯಕ್ರಮ ಪ್ರಸಾರವಾಯಿತು. ಬಿಲಿ ಹಾಲಿಡೇ ಒಂದು ಬ್ಲೂಸ್ ಹಾಡುತ್ತಾಳೆ; ಸುತ್ತ ನಿಂತ ವಾದಕರು ಸರದಿಯಂತೆ ನುಡಿಸುತ್ತಾರೆ. ಹಾಕಿನ್ಸ್ ಇದ್ದಾನೆ. ಬೆನ್ ವೆಬ್‌ಸ್ಟರ್ ಇದ್ದಾನೆ. 1934ರಲ್ಲಿ ಹೆಂಡರ್ಸನ್ ಬಳಗದಲ್ಲಿ ಯಂಗ್‌ ಬಿಟ್ಟ ಜಾಗಕ್ಕೆ ಬಂದವನು ಇವನೇ, ಅದಕ್ಕೂ ಮುಂಚೆ ಯಂಗ್‌ನ ತಂದೆಯ ತಂಡದಲ್ಲಿ ಪಾಠ ಕಲಿತವನೂ ಇವನೇ. ಕಾಯಿಲೆಯಿಂದ ಬಳಲಿದ್ದ ಯಂಗ್ ಎದ್ದು ನಿಂತು ಒಂದೇ ಒಂದು ಆವರ್ತ ನುಡಿಸುತ್ತಾನೆ. ಸ್ವರಗಳು ಬಹಳ ಕಡಮೆ. ಅಲಂಕಾರ ಏನೂ ಇಲ್ಲ. ಕೇಳುತ್ತ ತಲೆದೂಗುವ ಬಿಲಿಯ ಮುಖವನ್ನು ಕ್ಯಾಮೆರಾ ಹಿಡಿದಿಟ್ಟಿದೆ. ಹದಿನೈದೇ ತಿಂಗಳಲ್ಲಿ ಯಂಗ್ ತೀರಿಕೊಂಡ. ಅದೇ 1959ರ ಜುಲೈನಲ್ಲಿ ಆಕೆಯೂ.

ಹಾಕಿನ್ಸನ ಭಕ್ತನಾದ ಸಾನಿ ರಾಲಿನ್ಸ್ 1963ರಲ್ಲಿ ತನ್ನ ಆರಾಧ್ಯನ ಪಕ್ಕದಲ್ಲಿ ನಿಂತು ಒಂದು ಮುದ್ರಿಕೆ ಮಾಡಿದ. ಅಲ್ಲಿ ಶಿಷ್ಯನ ನುಡಿಕೆ ವಕ್ರವಕ್ರ, ಬೇಕೆಂದೇ ಒರಟು. ಕೆಲವರಿಗೆ ಅದು ಅವಿನಯವಾಗಿ ಕಂಡಿತು. ನನಗೆ ಹಾಗೆ ತೋರುವುದಿಲ್ಲ. ಗುರುವಿನ ಎದುರಿಗೇ ಗುರುವಿನ ದನಿಯನ್ನು ಕದಿಯಲಾರೆನೆಂಬ ಸಂಕೋಚ ಅಲ್ಲಿದೆ. ಹಾಕಿನ್ಸ್ ಮಾತ್ರ ಅಲುಗದೆ, ಸಂತೋಷದಿಂದ, ತನ್ನ ದಾರಿಯಲ್ಲಿ ತಾನು ನಡೆಯುತ್ತಾನೆ.

ಈ ವಂಶಾವಳಿಯ ಒಂದು ಕೊಂಬೆ ನಮ್ಮ ನಾಡಿನತ್ತಲೂ ಚಾಚಿದೆ. ನಾಗಸ್ವರ ವಿದ್ವಾಂಸರ ಮಗನಾಗಿದ್ದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕೇಳಿ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ; ಜಾಝಿನ ಮೂಲಕವಲ್ಲ. ಅವರು ಅದಕ್ಕೆ ಗಮಕ ಕಲಿಸಿದರು. ಪಾರ್ಕರನನ್ನು ಕೇಳಿ ಬೆಳೆದ ಅಮೆರಿಕದ ಭಾರತೀಯ ವಾದಕ ರುದ್ರೇಶ್ ಮಹಂತಪ್ಪ ಅವರೊಡನೆ ಗೋಪಾಲನಾಥರು ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಎರಡೂ ಆಲ್ಟೊ ಸ್ಯಾಕ್ಸೊಫೋನುಗಳೇ. ಒಂದರ ಹಿಂದೆ ನಾಗಸ್ವರದ ಉಸಿರು, ಇನ್ನೊಂದರ ಹಿಂದೆ ಕ್ಯಾನ್ಸಾಸ್ ಸಿಟಿಯ ರಾತ್ರಿಗಳು. ಯಾವುದು ಯಾರದೆಂದು ಗುರುತಿಸಲು ಕಿವಿಗೆ ಅರೆನಿಮಿಷವೂ ಬೇಕಾಗುವುದಿಲ್ಲ.