ಹೊಸ ನೆಲೆಗೆ ಬಂದ ಹಾವು

ತಿಳವಳ್ಳಿ ಗ್ರಾಮದ ಸುತ್ತಲಿನ ಗೋವಿನಜೋಳ, ಭತ್ತದ ಹೊಲಗಳಲ್ಲಿ ಇಲಿ ಹಿಡಿದು ಬದುಕುವ ವಿಷರಹಿತ ಕೇರೆಹಾವನ್ನಾಗಲಿ, ನಾಗರಪಂಚಮಿಯಲ್ಲಿ ಹಾಲೆರೆಯಿಸಿಕೊಳ್ಳುವ ನಾಗರಹಾವನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವಾಗಿದೆ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂತಹ ವಿದೇಶಿ ಹಾವುಗಳನ್ನು ಸಾಕಬಹುದಾದರೂ ನೋಂದಣಿ ಕಡ್ಡಾಯ. ಅಂತಹ ಹಾವು ಹೊಸ ಗೂಡಿಗೆ ಬಂದೊಡನೆ ಅಡಗುದಾಣವನ್ನೂ ನೀರನ್ನೂ ಒದಗಿಸಿ, ಅದು ತಾನಾಗಿ ಆಹಾರ ತೆಗೆದುಕೊಳ್ಳುವವರೆಗೆ, ಒಂದು ವಾರವಾದರೂ, ಮುಟ್ಟದೆ ಬಿಡಬೇಕು; ನುಂಗಿದ ಬಳಿಕ ಎರಡು ದಿನಗಳೊಳಗೆ ಎತ್ತಿಕೊಂಡರೆ ಕಕ್ಕುವ ಸಂಭವವಿದೆ, ಏಕೆಂದರೆ ಶೀತರಕ್ತ ಪ್ರಾಣಿ, ಅಂದರೆ ಮೈಶಾಖಕ್ಕೆ ಹೊರಗಿನ ಬಿಸಿಯನ್ನೇ ಅವಲಂಬಿಸುವ ಜೀವಿ, ಆಹಾರವನ್ನು ನಿಧಾನವಾಗಿ ಅರಗಿಸಿಕೊಳ್ಳುತ್ತದೆ. ಹಾವು ಪಳಗುತ್ತದೆಂಬುದು ಅರ್ಧಸತ್ಯ. ಅದು ಮನುಷ್ಯನ ಕೈಯನ್ನು ಸಹಿಸುತ್ತದೆ, ಅಷ್ಟೇ. ಕಾಡಿನ ಹಾವಿಗಂತೂ ಹೊಸ ನೆಲೆ ಸುಲಭವಾಗಿ ಒಗ್ಗದು: ಆಗುಂಬೆ ಕಾಡಿನ ಕಾಳಿಂಗಸರ್ಪಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್, ಅಂದರೆ ಇರುವೆಡೆಯನ್ನು ಸಂಕೇತದಿಂದ ತಿಳಿಸುವ ಪುಟ್ಟ ಸಾಧನ, ಅಳವಡಿಸಿ ನಡೆಸಿದ ಅಧ್ಯಯನದಲ್ಲಿ, ದೂರ ಸಾಗಿಸಿ ಬಿಟ್ಟ ಹಾವು ನೆಲೆಯೂರದೆ ಅಲೆದಾಡಿದ್ದು ಕಂಡುಬಂದಿತು. ಆದುದರಿಂದ ಹೊಲದ ಕೇರೆಯನ್ನು ಹೊಲದಲ್ಲೇ ಬಿಡುವುದು, ಮನೆಯೊಳಗೆ ಹೊಕ್ಕ ಹಾವಿನ ಸುದ್ದಿಯನ್ನು ಅರಣ್ಯ ಇಲಾಖೆಗೆ ಮುಟ್ಟಿಸುವುದು ರೈತನಿಗೂ ಹಾವಿಗೂ ಲೇಸು.