ಎತ್ತರಕ್ಕೆ ಜಿಗಿಯುವ ಬಗೆ

(ಸನತ್‌ನಗರದಲ್ಲಿ ನಮ್ಮ ವಾಲಿಬಾಲ್ ಆಟಗಾರರ ಮುಂದೆ ಮಾಡಿದ ಭಾಷಣ)



ಭಾಷಣ ಮಾಡಲು ನಾವು ಕಲಿತವರಲ್ಲ. ಮಾಧ್ಯಮಿಕ ಶಾಲೆ ಮುಗಿಸಿ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರು. ಆದರೂ ಹೋದ ಭಾನುವಾರ ಪಂದ್ಯ ಸೋತ ಮೇಲೆ ನಿಮ್ಮಲ್ಲಿ ಕೆಲವರು, ‘ನಾವು ಕುಳ್ಳರು, ಬಲೆಯ ಹತ್ತಿರ ನಮ್ಮ ಆಟ ನಡೆಯದು’ ಎಂದು ಕೈಚೆಲ್ಲಿ ಕುಳಿತದ್ದನ್ನು ಕಂಡು ನಾಲ್ಕು ಮಾತು ಹೇಳಬೇಕೆನಿಸಿತು.

ಗಂಡಸರ ಬಲೆಯ ಎತ್ತರ 2.43 ಮೀಟರು. ಅದು ಯಾರಿಗಾಗಿಯೂ ತಗ್ಗುವುದಿಲ್ಲ. ನಮ್ಮ ಮೂಳೆಯೂ ಇನ್ನು ಬೆಳೆಯದು. ಉಳಿದದ್ದು ಜಿಗಿತ. ಅದರಲ್ಲಿ ಇರುವ ಶಕ್ತಿಯನ್ನೇ ನಾವು ಪೂರ್ತಿ ಬಳಸುತ್ತಿಲ್ಲ.

ಮೊದಲು ಕೈಯ ಮಾತು. ಜಿಗಿಯುವಾಗ ನಾವು ಕೈಗಳನ್ನು ಎದೆಗೆ ಅಂಟಿಸಿಕೊಳ್ಳುತ್ತೇವೆ. ಸಪ್ಲೈಯರ್ ಆದವನು ವರ್ಷಗಟ್ಟಲೆ ತೋಳಿನ ಮೇಲೆ ತಟ್ಟೆ ಜೋಡಿಸಿಕೊಂಡು ಓಡಾಡಿದವನು. ಕೈ ಬೀಸಿದರೆ ಸಾಂಬಾರು ಗಿರಾಕಿಯ ಅಂಗಿಯ ಮೇಲೆ! ಆ ಅಭ್ಯಾಸವೇ ಮೈದಾನಕ್ಕೂ ಬಂದಿದೆ. ಇಲ್ಲಿ ತಟ್ಟೆ ಇಲ್ಲ. ಎರಡೂ ಕೈಗಳನ್ನು ಚೆನ್ನಾಗಿ ಹಿಂದಕ್ಕೆ ಒಯ್ದು, ಕಾಲು ನೆಲವನ್ನು ಒದೆಯುವ ಹೊತ್ತಿಗೇ ಮೇಲಕ್ಕೆ ಬೀಸಿರಿ. ಸೊಂಟದ ಮೇಲೆ ಕೈಯಿಟ್ಟು ಜಿಗಿದದ್ದಕ್ಕಿಂತ ಹತ್ತರಲ್ಲೊಂದು ಪಾಲು, ಎಷ್ಟೋ ಸಲ ಅದಕ್ಕೂ ಹೆಚ್ಚು, ಮೇಲೆ ಹೋಗುತ್ತೀರಿ.

ಇನ್ನು ಕುಗ್ಗುವುದು. ಕುಗ್ಗಿ, ನಿಂತು, ಆಮೇಲೆ ಜಿಗಿಯಬಾರದು. ಕುಗ್ಗಿದ ಕ್ಷಣದಲ್ಲೇ ಮೇಲೇಳಬೇಕು. ತಡೆದರೆ ಸ್ನಾಯುವಿನ ಬಿಗಿ ವ್ಯರ್ಥ. ಸೊಂಟ ಹಿಂದಕ್ಕಿರಲಿ, ಮೊಣಕಾಲು ಒಳಕ್ಕೆ ವಾಲದೆ ಪಾದದ ನೇರಕ್ಕಿರಲಿ. ಪೂರಾ ಕುಕ್ಕರಗಾಲಲ್ಲಿ ಕೂರುವುದು ಬೇಡ. ಓಡಿಬಂದು ಹೊಡೆಯುವವರು ಕೊನೆಯದಕ್ಕೆ ಮುಂಚಿನ ಹೆಜ್ಜೆಯನ್ನು ಉದ್ದ, ಕೊನೆಯದನ್ನು ಗಿಡ್ಡ, ಚುರುಕು ಮಾಡಿರಿ. ಇಲ್ಲವಾದರೆ ಓಟದ ವೇಗ ಮೇಲಕ್ಕೆ ತಿರುಗದೆ ನಿಮ್ಮನ್ನು ಬಲೆಗೇ ಕೆಡವುತ್ತದೆ.

2012ರ ಜೂನ್‌ನಲ್ಲಿ ಇದೇ ಹೈದರಾಬಾದಿನಲ್ಲಿ ನಮ್ಮ ದಕ್ಷಿಣ ಕನ್ನಡದ ಸಹನಾ ಕುಮಾರಿಯವರು 1.92 ಮೀಟರ್ ಎತ್ತರ ಹಾರಿ ಲಂಡನ್ ಒಲಿಂಪಿಕ್ಸಿಗೆ ಹೋದರು. ಅವರು ಮುರಿದದ್ದು ಬಾಬಿ ಅಲೋಶಿಯಸ್ ಅವರ 2004ರ ರಾಷ್ಟ್ರೀಯ ದಾಖಲೆ, 1.91. ಒಂದು ಸೆಂಟಿಮೀಟರಿಗೆ ಎಂಟು ವರ್ಷ! ಆದ್ದರಿಂದ ಎರಡು ವಾರದಲ್ಲಿ ಗೇಣುದ್ದ ಏರಲಿಲ್ಲವೆಂದು ಬೇಸರಪಡಬೇಡಿ. ಬೆರಳಿಗೆ ಮೈದಾಹಿಟ್ಟು ಹಚ್ಚಿಕೊಂಡು ಗೋಡೆಗೆ ನಿಂತು ಒಮ್ಮೆ, ಜಿಗಿದು ಒಮ್ಮೆ ಗುರುತು ಮಾಡಿರಿ. ನಡುವಿನ ಅಂತರವೇ ನಿಮ್ಮ ಜಿಗಿತ. ಭಾನುವಾರಕ್ಕೊಮ್ಮೆ ಅಳೆದರೆ ಸಾಕು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕ್ಲೀನರ್ ಆಗಿದ್ದಾಗ ಹನ್ನೆರಡು ಗಂಟೆ ನಿಂತು ದುಡಿದು, ಬಾಗಿಲು ಹಾಕಿದ ಮೇಲೆ ಹಿತ್ತಿಲಿನ ಸಿಮೆಂಟು ನೆಲದ ಮೇಲೆ ನಡುರಾತ್ರಿಯವರೆಗೆ ಜಿಗಿಯುತ್ತಿದ್ದೆವು. ಮೊಣಕಾಲ ಚಿಪ್ಪಿನ ಕೆಳಗೆ ನೋವು ಹಿಡಿಯಿತು. ಆರು ವಾರ ಅಟ್ಟ ಹತ್ತಲಾಗಲಿಲ್ಲ, ಸಂಬಳವೂ ಹೋಯಿತು. ಎತ್ತರಕ್ಕೆ ಹೋಗುವುದನ್ನು ಕಲಿತವರಿಗೆ ಇಳಿಯುವುದನ್ನು ಯಾರೂ ಕಲಿಸಿರಲಿಲ್ಲ. ಎರಡೂ ಪಾದಗಳ ಮೇಲೆ, ಮುಂಗಾಲು ಮೊದಲಾಗಿ, ಮೊಣಕಾಲು ಬಾಗಿಸಿ, ಸದ್ದಾಗದಂತೆ ಇಳಿಯಿರಿ. ಮಣ್ಣಿನ ನೆಲವೇ ಇರಲಿ. ಐದು ಜಿಗಿತಕ್ಕೊಮ್ಮೆ ಸುಧಾರಿಸಿಕೊಳ್ಳಿ, ವಾರಕ್ಕೆ ಎರಡು ದಿನ ಸಾಕು, ಅದೂ ಪಾಳಿ ಮುಗಿಸಿ ಬಂದ ರಾತ್ರಿ ಖಂಡಿತ ಬೇಡ. ವಾರದ ರಜೆಯನ್ನು ನಾವು ಪಟ್ಟುಹಿಡಿದು ಕೇಳುವುದು ನಿದ್ದೆಗೆ ಮಾತ್ರವಲ್ಲ, ಇದಕ್ಕೂ ಹೌದು.

ಈಗಾಗಲೇ ಮೆಟ್ಟಿಲಿಳಿಯುವಾಗ ಮೊಣಕಾಲು ನೋಯುತ್ತಿರುವವರು ಇವತ್ತು ಜಿಗಿಯಬೇಡಿ. ಇ.ಎಸ್.ಐ. ಆಸ್ಪತ್ರೆ ಇಲ್ಲೇ ಸನತ್‌ನಗರದಲ್ಲಿದೆ. ಚೀಟಿ ಇದ್ದವರು ನಾಳೆ ಬೆಳಿಗ್ಗೆ ನಮ್ಮೊಡನೆ ಬನ್ನಿ. ಉಳಿದವರು ಬಲೆ ಕಟ್ಟಿರಿ.