ಲೆನ್ಸಿಗಿಂತ ಮೊದಲು ಮೈಕು



ಪ್ರಭಾತ್ ಫಿಲ್ಮ್ ಕಂಪನಿಯು ೧೯೩೩ರಲ್ಲಿ ಕೊಲ್ಹಾಪುರದಿಂದ ಈ ಪುಣೆಗೆ ಬಂದಿತು. ಅದರ ಆವರಣದಲ್ಲಿಯೇ ೧೯೬೦ರಲ್ಲಿ ಸರಕಾರದ ಚಲನಚಿತ್ರ ಶಿಕ್ಷಣಸಂಸ್ಥೆ ಹುಟ್ಟಿತು. ನಮ್ಮ ಗಿರೀಶ ಕಾಸರವಳ್ಳಿಯವರು ಕಲಿತದ್ದು ಅಲ್ಲಿಯೇ. ಅಂದು ಸ್ಟುಡಿಯೋದವರಿಗೆ ಮಾತ್ರ ಸಾಧ್ಯವಿದ್ದ ಚಿತ್ರಣವು ಇಂದು ಡಿಎಸ್‌ಎಲ್‌ಆರ್ ಕ್ಯಾಮೆರಾದಿಂದ ನಮ್ಮ ಕೈಗೂ ಬಂದಿದೆ.

ಊರಿಗೆ ಹೋದಾಗ ನಾವು ಅಜ್ಜಿ ಹಾಡುವ ಬೀಸುವ ಪದವನ್ನು ಚಿತ್ರಿಸಿಕೊಳ್ಳುತ್ತೇವೆ. ಮುಖ ಚೆನ್ನಾಗಿ ಮೂಡುತ್ತದೆ. ದನಿ ಮಾತ್ರ ಬಾವಿಯೊಳಗಿಂದ ಬಂದಂತಿರುತ್ತದೆ. ಕ್ಯಾಮೆರಾದೊಳಗಿನ ಮೈಕು ಬಾಯಿಗೆ ದೂರವಾಗಿರುವುದೇ ಇದಕ್ಕೆ ಕಾರಣ. ಬಯಲಿನಲ್ಲಿ ಅಂತರ ಇಮ್ಮಡಿಯಾದರೆ ದನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ.

ಆದುದರಿಂದ ಸಂಬಳದಲ್ಲಿ ನಾಲ್ಕು ಕಾಸು ಉಳಿದರೆ, ಹೊಸ ಲೆನ್ಸಿಗಿಂತ ಮೊದಲು ನಮ್ಮ ಮೊಬೈಲಿಗೆ ಒಪ್ಪುವ, ಬಟ್ಟೆಗೆ ಸಿಕ್ಕಿಸುವ ತಂತಿಯ ಮೈಕನ್ನು ಕೊಳ್ಳೋಣ. ಅದನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಮೊಬೈಲಿನಲ್ಲಿ ದನಿ ಹಿಡಿಯೋಣ. ಎರಡೂ ಯಂತ್ರಗಳು ನಡೆಯತೊಡಗಿದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟಿದರಾಯಿತು; ಕೈ ಕೂಡಿದ ಚಿತ್ರಕ್ಕೆ ಆ ಸಪ್ಪಳವನ್ನು ತಾಳೆ ಹಾಕಿ ಆಮೇಲೆ ಜೋಡಿಸಬಹುದು. ಫ್ಯಾನು ನಿಲ್ಲಿಸುವುದಕ್ಕಂತೂ ಕಾಸೇ ಬೇಡ.

ಹೆಗಲ ಮೇಲಿಡುವ ರಿಗ್ ಕೊಳ್ಳಲಾಗದಿದ್ದರೆ, ಜೋಳ ತುಂಬಿದ ಚಿಕ್ಕ ಚೀಲದ ಮೇಲೆ ಕ್ಯಾಮೆರಾ ಕೂಡಿಸಿರಿ. ನಿಂತು ತೆಗೆಯುವಾಗ ಕೊರಳಪಟ್ಟಿ ಬಿಗಿಯಾಗುವಂತೆ ಮುಂದಕ್ಕೆ ಚಾಚಿ ಹಿಡಿಯಿರಿ. ನಡುಕ ಬಹಳ ಕಡಿಮೆಯಾಗುತ್ತದೆ.

ಚಿತ್ರ ತುಸು ಮಸುಕಾದರೂ ನಡೆದೀತು. ಪದದ ನುಡಿಯೇ ತಿಳಿಯದೆ ಹೋದರೆ, ಮುಂದೊಂದು ದಿನ ಕೇಳಿ ತಿಳಿಯೋಣವೆಂದರೆ ಅಜ್ಜಿ ಇರಲಾರಳು.